ಜಿಂಕೆ ಬೇಟೆಗೆ ಯಾವ ಕೋವಿ: ಶಾಟ್‌ಗನ್ನೋ, ಮಝಲ್‌ಲೋಡರೋ?

(ಇಲಿನಾಯ್ ರಾಜ್ಯದ ನಮ್ಮೂರಿನ ಕನ್ನಡ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಪೂರ್ತಿ ಸಸ್ಯಾಹಾರದ ಊಟ ಇಟ್ಟುಕೊಂಡ ಸಭೆಗೆ ಜಿಂಕೆ ಬೇಟೆಯ ಬಗ್ಗೆ ಮಾತಾಡಲು ಕರೆದಿದ್ದೀರಿ. ನಿಮ್ಮ ಧೈರ್ಯ ಮೆಚ್ಚಬೇಕು.

ಶುರುವಿಗೇ ಒಂದು ಗೆರೆ ಎಳೆದುಬಿಡುತ್ತೇನೆ. ನಾನು ಹೇಳುವುದೆಲ್ಲ ಅಮೆರಿಕದ, ಅದರಲ್ಲೂ ನಮ್ಮ ಇಲಿನಾಯ್ ಮತ್ತು ಅಕ್ಕಪಕ್ಕದ ರಾಜ್ಯಗಳ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ ಯಾವುದನ್ನೂ ಬೇಟೆಯಾಡುವಂತಿಲ್ಲ. ಆಡಲೂಬಾರದು. ಇಲ್ಲಿಯ ಕತೆ ಬೇರೆ. 1900ರ ಹೊತ್ತಿಗೆ ಇಲಿನಾಯ್‌ನಲ್ಲಿ ಬಿಳಿಬಾಲದ ಜಿಂಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವ ಹಾಗಾಗಿತ್ತು. ತಂದು ಬಿಟ್ಟು, ಕಾಪಾಡಿ, ಬೆಳೆಸಿ, 1957ರಲ್ಲಿ ಮತ್ತೆ ಬೇಟೆ ಸೀಸನ್ ತೆರೆದರು. ಈಗ ದೇಶದಲ್ಲಿ ಸುಮಾರು 3 ಕೋಟಿ ಜಿಂಕೆ ಇವೆ ಎಂಬ ಅಂದಾಜು. ಅವನ್ನು ಹಿಡಿದು ತಿನ್ನುವ ತೋಳ, ಪೂಮಾ ಈ ಮೆಕ್ಕೆಜೋಳದ ನಾಡು ಬಿಟ್ಟು ಎಷ್ಟೋ ಕಾಲವಾಯಿತು. ರಾತ್ರಿ ಹೈವೇಯಲ್ಲಿ ಕಾರಿಗೆ ಜಿಂಕೆ ಅಡ್ಡ ಬಂದವರು ಈ ಸಭೆಯಲ್ಲೇ ಇದ್ದೀರಿ, ಅಲ್ವಾ?

ಇನ್ನು ವಿಷಯಕ್ಕೆ ಬರೋಣ: ತೋಟಾ ಹಾಕುವ ಶಾಟ್‌ಗನ್, ಮತ್ತು ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬುವ ಮಝಲ್‌ಲೋಡರ್. ಹೊಸದಾಗಿ ಬೇಟೆಗೆ ಹೊರಟವರು ನನ್ನನ್ನು ಕೇಳುವುದು ಒಂದೇ: ಯಾವುದು ಜಾಸ್ತಿ ಪವರ್? ಈ ಪ್ರಶ್ನೆ ಬಿಟ್ಟುಬಿಡಿ. ಸರಿಯಾದ ಜಾಗಕ್ಕೆ ಬಿದ್ದರೆ ಎರಡು ಕೋವಿಯೂ ಜಿಂಕೆಯನ್ನು ಕೆಡವುತ್ತವೆ. ನೀವು ನೋಡಬೇಕಾದ್ದು ಕ್ಯಾಲೆಂಡರನ್ನು, ಆಮೇಲೆ ನಿಮ್ಮ ಸ್ವಭಾವವನ್ನು. ಯಾವ ದಿನಗಳಲ್ಲಿ ಕಾಡಿಗೆ ಹೋಗಬಲ್ಲಿರಿ? ಬೇಟೆ ಮುಗಿಸಿ, ದಣಿದು, ಚಳಿಯಲ್ಲಿ ಮನೆಗೆ ಬಂದ ಮೇಲೆ ಕೋವಿ ತೊಳೆಯುವ ತಾಳ್ಮೆ ಇದೆಯಾ? ಇವೆರಡಕ್ಕೆ ಉತ್ತರ ಸಿಕ್ಕರೆ ಕೋವಿ ತಾನಾಗಿಯೇ ಗೊತ್ತಾಗುತ್ತದೆ.

ಅದಕ್ಕೂ ಮೊದಲು, ರೈಫಲ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಪಶ್ಚಿಮದ ಗುಡ್ಡಗಾಡಿನಲ್ಲಿ ಎಲ್ಲರೂ ರೈಫಲ್ಲೇ ಹಿಡಿಯುತ್ತಾರೆ. ನಮ್ಮ ಕಡೆ ನೆಲ ಚಪ್ಪಟೆ. ಮೆಕ್ಕೆಜೋಳ, ಸೋಯಾ ಹೊಲ, ನಡುವೆ ಒಂದು ಹೊಳೆ ಸಾಲಿನ ಮರಗಳು, ಆಚೆ ಯಾರದೋ ಮನೆ, ದನದ ಕೊಟ್ಟಿಗೆ. ಗುರಿ ತಪ್ಪಿದ ರೈಫಲ್ ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು ಅನ್ನುವ ಭಯದಿಂದ ಇಲಿನಾಯ್, ಅಯೊವಾ, ಇಂಡಿಯಾನಾ, ಒಹಾಯೊ ರಾಜ್ಯಗಳು ಬಹಳ ಕಾಲ ಜಿಂಕೆಗೆ ಶಾಟ್‌ಗನ್ ಮತ್ತು ಮಝಲ್‌ಲೋಡರ್‌ಗೇ ಅಂಟಿಕೊಂಡವು.

ಈ ನಂಬಿಕೆ ಎಷ್ಟು ಸರಿ? 2007ರಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆಯ ಸಮಿತಿಯೊಂದಕ್ಕಾಗಿ ಇದನ್ನು ಲೆಕ್ಕ ಹಾಕಿ ನೋಡಿದರು. ನಳಿಗೆ ತುಂಬಾ ಮೇಲಕ್ಕೆ ಎದ್ದಿದ್ದಾಗ ಹಾರಿದ ಗುಂಡಿನ ವಿಷಯದಲ್ಲಿ ರೈಫಲ್ಲೇ ಅಪಾಯ, ಅದು ಎಲ್ಲಕ್ಕಿಂತ ದೂರ ಹೋಗುತ್ತದೆ. ಆದರೆ ನೆಲಕ್ಕೆ ಸಮನಾಗಿ ಹೊಡೆದಾಗ ಲೆಕ್ಕ ತಿರುಗಿತು. ಶಾಟ್‌ಗನ್ನಿನ ದಪ್ಪ ಸೀಸದ ಒಂಟಿ ಗುಂಡು (ಸ್ಲಗ್), ಕೆರೆಯ ಮೇಲೆ ಎಸೆದ ಚಪ್ಪಟೆ ಕಲ್ಲಿನ ಹಾಗೆ, ನೆಲಕ್ಕೆ ತಾಗಿ ಪುಟಿದು ಮುಂದೆ ಹೋಗುತ್ತದೆ. ಅಂಥ ಹೊಡೆತದಲ್ಲಿ ರೈಫಲ್‌ಗಿಂತ ಶಾಟ್‌ಗನ್ನೇ ಹೆಚ್ಚು ಅಪಾಯ ಅಂತ ಬಂತು! ಮಝಲ್‌ಲೋಡರ್ ಶಾಟ್‌ಗನ್‌ಗಿಂತ ವಾಸಿ. ಅಂದರೆ "ಶಾಟ್‌ಗನ್ ಅಲ್ವಾ, ದೂರ ಹೋಗಲ್ಲ ಬಿಡು" ಅನ್ನುವ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ. ಕೈಯಲ್ಲಿ ಯಾವ ಕೋವಿ ಇದ್ದರೂ ಜಿಂಕೆಯ ಹಿಂದೆ ಮಣ್ಣಿನ ದಿಬ್ಬ ಇದೆಯಾ ಅಂತ ನೋಡಿಯೇ ಹೊಡೆಯಬೇಕು. ಮರ ಏರಿ ಕೂರುವ ಅಟ್ಟಣೆ ಇಲ್ಲಿ ಇಷ್ಟು ಜನಪ್ರಿಯ ಆಗಲು ಇದೂ ಒಂದು ಕಾರಣ. ಮೇಲಿನಿಂದ ಕೆಳಕ್ಕೆ ಹೊಡೆದ ಗುಂಡು ಹತ್ತಿರದಲ್ಲೇ ಮಣ್ಣಿಗೆ ಇಳಿಯುತ್ತದೆ.

ಕಾನೂನುಗಳೂ ಮೆಲ್ಲಗೆ ಸಡಿಲ ಆಗಿವೆ. ಇಂಡಿಯಾನಾ 2007ರಲ್ಲಿ, ಒಹಾಯೊ 2014ರಲ್ಲಿ ಕೆಲವು ಬಗೆಯ ರೈಫಲ್ ತೋಟಾಗಳಿಗೆ ಒಪ್ಪಿಗೆ ಕೊಟ್ಟವು. 2023ರಿಂದ ನಮ್ಮ ಇಲಿನಾಯ್‌ನಲ್ಲೂ ಒಂದೇ ಈಡಿನ ರೈಫಲ್ ನಡೆಯುತ್ತದೆ. ಅದರ ಬಗ್ಗೆ ಬೇರೆ ದಿನ ಮಾತಾಡೋಣ.

ಈಗ ಶಾಟ್‌ಗನ್. ಮಲೆನಾಡಿನವರಿಗೆ ತೋಟಾ ಕೋವಿ ಅಂದರೆ ಚರೆ ನೆನಪಾಗುತ್ತದೆ. ಇಲ್ಲಿ ಜಿಂಕೆಗೆ ಚರೆ ಬೇಡವೇ ಬೇಡ, ಇಲಿನಾಯ್‌ನಲ್ಲಿ ಅದು ಕಾನೂನಿಗೂ ವಿರುದ್ಧ. ಚರೆ ಹರಡಿಕೊಂಡು ಎಲ್ಲೆಲ್ಲೋ ತಾಗಿ ಪ್ರಾಣಿ ಗಾಯ ಹೊತ್ತು ಓಡುತ್ತದೆ. ಇಲ್ಲಿ ಹಾಕುವುದು ಸ್ಲಗ್, ಅಂದರೆ ತೋಟಾದೊಳಗೆ ಒಂದೇ ಒಂದು ದಪ್ಪ ಗುಂಡು. 12 ಗೇಜ್ ಕೋವಿಯ ನಳಿಗೆ 18.5 ಮಿಲಿಮೀಟರ್ ಅಗಲ. ಅದರಲ್ಲಿ ಹೋಗುವ ಸಾಮಾನ್ಯ ಸ್ಲಗ್ಗಿನ ತೂಕ ಒಂದು ಔನ್ಸ್, ಸುಮಾರು 28 ಗ್ರಾಂ. ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಇದು ಕೋವಿಯಿಂದ ಬರುವ ವಸ್ತುವಾ ಅನಿಸುತ್ತದೆ.

ಸ್ಲಗ್ಗಿನಲ್ಲಿ ಎರಡು ಜಾತಿ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಅಂಗಡಿಯಲ್ಲಿ ದುಡ್ಡು ಕಳೆಯುವುದು ಇಲ್ಲೇ. ನುಣುಪು ನಳಿಗೆಗೆ ಬೇಕಾದ್ದು ಫಾಸ್ಟರ್ ಮಾದರಿ. ಕಾರ್ಲ್ ಫಾಸ್ಟರ್ 1931ರಲ್ಲಿ ಮಾಡಿದ್ದು. ಹಿಂಬದಿ ಟೊಳ್ಳು, ತೂಕವೆಲ್ಲ ಮುಂದೆ, ಹಾಗಾಗಿ ನೆಟ್ಟಗೆ ಹೋಗುತ್ತದೆ. ಇದಕ್ಕೂ ಮೊದಲೇ, 1898ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ ತಮ್ಮದೇ ಸ್ಲಗ್ ಮಾಡಿದ್ದರು, ಅದು ಈಗಲೂ ಸಿಗುತ್ತದೆ. ಇನ್ನೊಂದು ಜಾತಿ ಸ್ಯಾಬೋ: ಪ್ಲಾಸ್ಟಿಕ್ ಕವಚದೊಳಗೆ ಸಣ್ಣ ಗುಂಡು. ಇದಕ್ಕೆ ಒಳಗೆ ಸುರುಳಿ ಗೀರು ಇರುವ ನಳಿಗೆಯೇ ಬೇಕು. ಗುಂಡು ತಿರುಗಿದರೆ ಮಾತ್ರ ಅದು ನೆಟ್ಟಗೆ ಹೋಗುವುದು. ಸ್ಯಾಬೋ ಬಾಕ್ಸ್ ದುಬಾರಿ. ಅದನ್ನು ತಂದು ನುಣುಪು ನಳಿಗೆಯಲ್ಲಿ ಹೊಡೆದರೆ ಐವತ್ತು ಗಜದಲ್ಲೇ ಕಾಗದದ ಗುರಿ ಬಿಟ್ಟು ಆಚೀಚೆ ಹೋಗುತ್ತದೆ. ಅಂಗಡಿಯವನು ನೀವು ಕೇಳಿದ್ದನ್ನು ಕೊಡುತ್ತಾನೆ, ನಿಮ್ಮ ನಳಿಗೆ ಯಾವುದು ಅಂತ ಅವನಿಗೇನು ಗೊತ್ತು?

ದೂರದ ಲೆಕ್ಕ ಹೀಗೆ ಇಟ್ಟುಕೊಳ್ಳಿ: ನುಣುಪು ನಳಿಗೆ, ಫಾಸ್ಟರ್ ಸ್ಲಗ್ ಆದರೆ 75 ಗಜ, ಚೆನ್ನಾಗಿ ಅಭ್ಯಾಸ ಇದ್ದರೆ 100. ಗೀರು ನಳಿಗೆ, ಸ್ಯಾಬೋ ಆದರೆ 150ರವರೆಗೆ. ಹೊಳೆಸಾಲಿನ ಮರಗಳ ನಡುವೆ ಅಷ್ಟು ದೂರ ಕಾಣುವುದೂ ಇಲ್ಲ ಬಿಡಿ.

ಒದೆತದ ವಿಷಯ ಹೇಳಲೇಬೇಕು. 12 ಗೇಜ್ ಸ್ಲಗ್ ಭುಜಕ್ಕೆ ಒದೆಯುವ ಒದೆತ ತಮಾಷೆಯಲ್ಲ. ನಾಲ್ಕು ಈಡು ಹೊಡೆದ ಮೇಲೆ ಐದನೆಯದಕ್ಕೆ ಕಣ್ಣು ತಾನಾಗಿಯೇ ಮುಚ್ಚುತ್ತದೆ, ಟ್ರಿಗರ್ ಎಳೆಯುವ ಮೊದಲೇ ಭುಜ ಹಿಂದೆ ಸರಿಯುತ್ತದೆ. ಹೊಸಬರ ಗುರಿ ಕೆಡುವುದು ಕೋವಿಯಿಂದಲ್ಲ, ಈ ಭಯದಿಂದ. ಅದಕ್ಕೇ ನಾನು ಹೊಸಬರಿಗೆ 20 ಗೇಜ್ ಹೇಳುವುದು. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣ. ಒದೆತ ಕಡಿಮೆ, ಜಿಂಕೆಗೆ ಸಾಕಷ್ಟಾಯಿತು. "20 ಗೇಜ್ ಹುಡುಗರ ಕೋವಿ" ಅಂತ ಗೇಲಿ ಮಾಡುವ ಹಳಬರು ಇದ್ದಾರೆ. ಮಾಡಲಿ.

ಶಾಟ್‌ಗನ್ನಿನ ದೊಡ್ಡ ಗುಣ ಅಂದರೆ ಅದು ವರ್ಷವಿಡೀ ಕೆಲಸಕ್ಕೆ ಬರುತ್ತದೆ. ರೆಮಿಂಗ್ಟನ್ 870, ಮಾಸ್‌ಬರ್ಗ್ 500 ಥರದ ಪಂಪ್ ಕೋವಿಗಳಿಗೆ ನಳಿಗೆ ಬದಲಿಸಬಹುದು. ವಸಂತದಲ್ಲಿ ಟರ್ಕಿ ಕೋಳಿಗೆ ಒಂದು ನಳಿಗೆ, ನವೆಂಬರಿನಲ್ಲಿ ಜಿಂಕೆಗೆ ಇನ್ನೊಂದು. ಮಳೆ ಬಂದರೂ ಹಿಮ ಬಿದ್ದರೂ ತೋಟಾಕ್ಕೆ ಏನೂ ಆಗದು. ಸಂಜೆ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರೆ ಕೋವಿ ಖಾಲಿ. ಎರಡನೇ ಈಡೂ ತಕ್ಷಣಕ್ಕೆ ಸಿಗುತ್ತದೆ.

ಮಝಲ್‌ಲೋಡರ್‌ನಲ್ಲಿ ಇದ್ಯಾವುದೂ ಇಲ್ಲ. ಆದರೂ ನನಗೆ ಅದರ ಮೇಲೆ ಮೋಹ ಜಾಸ್ತಿ.

ಮಲೆನಾಡು, ಕರಾವಳಿ, ಕೊಡಗಿನವರಿಗೆ ಇದು ಹೊಸದಲ್ಲ. ನಮ್ಮ ಕಡೆಯ ಕೇಪಿನ ಕೋವಿ ಇದೇ ಜಾತಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಡುವುದನ್ನು ಎಷ್ಟೋ ಜನ ನೋಡಿದ್ದೀರಿ. ಆದರೆ ಆ ಪರಿಚಯ ನಂಬಿಕೊಂಡು ಇಲ್ಲಿಯ ಕೋವಿಗೆ ಕೈ ಹಾಕಬೇಡಿ. ಇಲ್ಲಿ ಈಗ ಹೆಚ್ಚು ಜನ ಹಿಡಿಯುವುದು ಇನ್‌ಲೈನ್ ಎನ್ನುವ ಮಾದರಿ. 1985ರಲ್ಲಿ ಮಿಸೌರಿಯ ಟೋನಿ ನೈಟ್ ತಂದ ಎಂಕೆ-85 ಕೋವಿಯಿಂದ ಇದು ಮನೆಮಾತಾಯಿತು. ಮದ್ದಿಗೆ ಕಿಡಿ ಕೊಡುವ ಕೇಪು ಪಕ್ಕದಲ್ಲಿ ಇರುವುದಿಲ್ಲ, ಮದ್ದಿನ ಹಿಂದೆಯೇ ನೇರ ಸಾಲಿನಲ್ಲಿ ಇರುತ್ತದೆ. ಈಗ ಹೆಚ್ಚಿನವಕ್ಕೆ ಕೇಪಿನ ಬದಲು ಹಾಕುವುದು 209 ಪ್ರೈಮರ್, ಅಂದರೆ ಶಾಟ್‌ಗನ್ ತೋಟಾದ ಹಿಂದೆ ಕೂರುವ ಅದೇ ಪ್ರೈಮರ್! ನಳಿಗೆಯಲ್ಲಿ ಗೀರು, ಮೇಲೆ ದುರ್ಬೀನು, ಸಾಮಾನ್ಯವಾಗಿ 50 ಕ್ಯಾಲಿಬರ್, 12.7 ಮಿಲಿಮೀಟರ್. ಸ್ಯಾಬೋ ಗುಂಡು ಹಾಕಿದರೆ 150 ಗಜಕ್ಕೂ ನಿಖರ. ಗೀರು ನಳಿಗೆ ಶಾಟ್‌ಗನ್‌ಗೆ ಇದು ಏನೂ ಕಡಿಮೆಯಲ್ಲ.

ತುಂಬುವುದು ಹೇಗೆ ಅಂತ ನಿಧಾನಕ್ಕೆ ಹೇಳುತ್ತೇನೆ. ಮೊದಲು ನಳಿಗೆಗೆ ಒಣ ಬಟ್ಟೆ ಹಾಕಿ ಹಳೇ ಎಣ್ಣೆ ಒರೆಸಬೇಕು. ಎಣ್ಣೆ ಉಳಿದರೆ ಮದ್ದು ನೆನೆಯುತ್ತದೆ. ಆಮೇಲೆ ಮದ್ದನ್ನು ಅಳತೆ ಕೊಳವೆಗೆ ಹಾಕಿ, ಅಲ್ಲಿಂದ ನಳಿಗೆಗೆ ಸುರಿಯಬೇಕು. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯಲೇಬಾರದು. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. 50 ಗ್ರೇನ್ ಅಳತೆಯ ಮದ್ದಿನ ಗುಳಿಗೆಗಳೂ ಸಿಗುತ್ತವೆ, ಎರಡು ಹಾಕಿದರೆ ಆಯಿತು. ಮೇಲೆ ಗುಂಡು ಇಟ್ಟು, ಗಿಡ್ಡ ಕಡ್ಡಿಯಿಂದ ಬಾಯಿಗೆ ಕೂರಿಸಿ, ಉದ್ದ ಕಡ್ಡಿಯಿಂದ ಮದ್ದಿಗೆ ಗಟ್ಟಿಯಾಗಿ ತಾಗುವವರೆಗೆ ಒಂದೇ ಸಮ ಒತ್ತಬೇಕು. ನಡುವೆ ಸಂದು ಉಳಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಅಷ್ಟೂ ಹೊತ್ತು ಮುಖ, ಎದೆ ನಳಿಗೆಯ ಬಾಯಿಯಿಂದ ಪಕ್ಕಕ್ಕೆ ಇರಲಿ. ಪ್ರೈಮರ್ ಕೊನೆಗೆ, ಅಟ್ಟಣೆ ಹತ್ತಿ ಕೂತು, ಹಗ್ಗದಲ್ಲಿ ಕೋವಿ ಮೇಲೆಳೆದುಕೊಂಡ ಮೇಲೆ.

ಆ ಉದ್ದ ಕಡ್ಡಿಯ ಮೇಲೆ ಎರಡು ಗೆರೆ ಹಾಕಿಕೊಳ್ಳಿ. ನಳಿಗೆ ಖಾಲಿ ಇದ್ದಾಗ ಕಡ್ಡಿ ಎಲ್ಲಿವರೆಗೆ ಇಳಿಯುತ್ತದೆ ಅಂತ ಒಂದು, ಸರಿಯಾಗಿ ಈಡು ತುಂಬಿದಾಗ ಎಲ್ಲಿಗೆ ನಿಲ್ಲುತ್ತದೆ ಅಂತ ಇನ್ನೊಂದು. ಮದ್ದು ಎರಡು ಸಲ ಹಾಕಿದ್ದೀರಾ, ಇಲ್ಲಾ ಮದ್ದೇ ಹಾಕದೆ ಬರೀ ಗುಂಡು ತುರುಕಿದ್ದೀರಾ ಅಂತ ಆ ಗೆರೆ ಹೇಳುತ್ತದೆ. ಬೆಳಗಿನ ಜಾವದ ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ, ಇವೆರಡೂ ಆಗುವಂಥದ್ದೇ.

ಮದ್ದಿನ ಬಗ್ಗೆ ಒಂದೇ ಕಟ್ಟುನಿಟ್ಟು: ಕಪ್ಪು ಮದ್ದು, ಇಲ್ಲವೇ ಪೈರೊಡೆಕ್ಸ್, ಬ್ಲ್ಯಾಕ್‌ಹಾರ್ನ್ ಥರ ಇದಕ್ಕೆಂದೇ ಮಾಡಿದ ಬದಲಿ ಮದ್ದು. ಶಾಟ್‌ಗನ್ ತೋಟಾ ಬಿಚ್ಚಿ ಅದರ ಮದ್ದು ಹಾಕಿದರೆ ನಳಿಗೆ ಒಡೆದು ಕೈ, ಕಣ್ಣು ಹೋಗುತ್ತದೆ. ಪ್ರೈಮರ್ ಒಂದೇ ಇರಬಹುದು, ಮದ್ದು ಒಂದೇ ಅಲ್ಲ.

ಹೊಡೆದ ಮೇಲೆ ಏನಾಗುತ್ತದೆ? ಕಪ್ಪು ಮದ್ದು ಆದರೆ ಎದುರಿಗೆ ಬಿಳೀ ಹೊಗೆಯ ಗೋಡೆ. ಜಿಂಕೆ ಬಿತ್ತೋ, ಓಡಿತೋ, ಯಾವ ಕಡೆ ಓಡಿತೋ ಗೊತ್ತಾಗದು. ಗಾಳಿ ಇಲ್ಲದ ಬೆಳಗಾದರೆ ಹೊಗೆ ಅಲ್ಲೇ ನೇತಾಡುತ್ತದೆ. ಅನುಭವಸ್ಥರು ಟ್ರಿಗರ್ ಎಳೆಯುವ ಮೊದಲೇ ಜಿಂಕೆ ನಿಂತ ಜಾಗದ ಪಕ್ಕದ ಮರವನ್ನು ಗುರುತು ಇಟ್ಟುಕೊಂಡಿರುತ್ತಾರೆ. ಆಮೇಲೆ ರಕ್ತದ ಜಾಡು ಹುಡುಕುವುದು ಅಲ್ಲಿಂದ.

ಕೆಲವೊಮ್ಮೆ ಪ್ರೈಮರ್ ಟಪ್ ಅನ್ನುತ್ತದೆ, ಈಡು ಹಾರುವುದಿಲ್ಲ. ಆಗ ಕೋವಿ ಇಳಿಸಿ ಬಾಯಿ ನೋಡಬಾರದು. ಕನಿಷ್ಠ ಒಂದು ನಿಮಿಷ ಅದನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದಿರಿ. ತಡವಾಗಿ ಹಾರುವುದುಂಟು.

ಇನ್ನು ಚಳಿ. ಹೊರಗಿನ ಹೆಪ್ಪುಗಟ್ಟುವ ಚಳಿಯಿಂದ ತುಂಬಿದ ಕೋವಿಯನ್ನು ಬೆಚ್ಚಗಿನ ಕೋಣೆಗೆ ತಂದರೆ ನಳಿಗೆಯೊಳಗೆ ಹನಿ ಕಟ್ಟಿ ಮದ್ದು ತೇವವಾಗುತ್ತದೆ. ಸುಲಭ ದಾರಿ ಅಂದರೆ ಸಂಜೆ ಹೊಲದಲ್ಲೇ ಮಣ್ಣಿನ ದಿಬ್ಬಕ್ಕೆ ಈಡು ಹಾರಿಸಿ ಖಾಲಿ ಮಾಡುವುದು. ಖಾಲಿ ಮಾಡಿದಿರೋ, ಅವತ್ತೇ ತೊಳೆಯಬೇಕು. ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರಿ ರಾತ್ರೋರಾತ್ರಿ ತುಕ್ಕು ಹಿಡಿಸುತ್ತದೆ. ಬಿಸಿ ಸೋಪಿನ ನೀರು, ಬ್ರಷ್, ಬಟ್ಟೆ, ಮತ್ತೆ ಬಟ್ಟೆ, ಅದು ಬೆಳ್ಳಗೆ ಬರುವವರೆಗೆ. ಆಮೇಲೆ ಒಣಗಿಸಿ ಎಣ್ಣೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಂಧಕ ಅಲ್ವಾ. ಅಡುಗೆಮನೆ ಸಿಂಕಿನಲ್ಲಿ ಮಾಡಬೇಡಿ, ಸಂಸಾರ ಉಳಿಯಲಿ.

ಇಷ್ಟೆಲ್ಲ ಕಷ್ಟ ಯಾಕೆ? ಇಲ್ಲೇ ಕ್ಯಾಲೆಂಡರ್ ಬರುವುದು. ಇಲಿನಾಯ್‌ನಲ್ಲಿ ಕೋವಿ ಸೀಸನ್ ಅಂದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲು 3 ದಿನ, ಹಬ್ಬ ಕಳೆದು 4 ದಿನ. ಆಫೀಸಿನಲ್ಲಿ ರಜೆ ಸಿಗದಿದ್ದರೆ ಮುಗಿಯಿತು. ಡಿಸೆಂಬರ್ ಮಧ್ಯದಲ್ಲಿ ಮಝಲ್‌ಲೋಡರ್‌ಗೆಂದೇ ಇನ್ನು 3 ದಿನ ಇವೆ. ಅಯೊವಾದಲ್ಲಿ ಅಲ್ಲಿಯ ನಿವಾಸಿಗಳಿಗೆ ಅಕ್ಟೋಬರಿನಲ್ಲೇ ಒಂದು ಮಝಲ್‌ಲೋಡರ್ ಸೀಸನ್, ವರ್ಷದ ಕೊನೆಗೆ ಇನ್ನೊಂದು. ಒಹಾಯೊದಲ್ಲಿ ಜನವರಿಯಲ್ಲಿ. ಆ ದಿನಗಳಲ್ಲಿ ಕಾಡಿನಲ್ಲಿ ಜನ ಕಡಿಮೆ. ಜೊತೆಗೆ ಶಾಟ್‌ಗನ್ ಸೀಸನ್‌ನಲ್ಲೂ ಮಝಲ್‌ಲೋಡರ್ ಹಿಡಿದು ಹೋಗಬಹುದು, ಆದರೆ ಮಝಲ್‌ಲೋಡರ್ ಸೀಸನ್‌ನಲ್ಲಿ ಶಾಟ್‌ಗನ್ ಹಿಡಿಯುವಂತಿಲ್ಲ. ಹಾಗಾಗಿ ಬರೀ ಜಿಂಕೆಗಾಗಿ, ಒಂದೇ ಕೋವಿ ತೆಗೆದುಕೊಳ್ಳುವವರಿಗೆ ಲೆಕ್ಕದಲ್ಲಿ ಮಝಲ್‌ಲೋಡರೇ ಲಾಭ. ತೊಳೆಯುವ ಸ್ವಭಾವ ಇಲ್ಲದವರಿಗೆ ಅದು ಎರಡೇ ವರ್ಷದಲ್ಲಿ ತುಕ್ಕಿನ ಕೊಳವೆ. ಅಂಥವರು 20 ಗೇಜ್ ಶಾಟ್‌ಗನ್ ತೆಗೆದುಕೊಳ್ಳಿ, ಸುಮ್ನೆ ಯೋಚನೆ ಬೇಡ.

ಹಳೇ ಕಾಲದ ಬೇಟೆಯೇ ಬೇಕು ಅನ್ನುವವರಿಗೆ ಪೆನ್ಸಿಲ್ವೇನಿಯಾ ಇದೆ. ಅಲ್ಲಿ 1974ರಿಂದ ಚಕಮಕಿ ಕಲ್ಲಿನ ಕೋವಿಗೇ ಒಂದು ಸೀಸನ್ ಇದೆ, ಕ್ರಿಸ್‌ಮಸ್ ಕಳೆದ ಮೇಲೆ. ಕೇಪಿಲ್ಲ, ಪ್ರೈಮರ್ ಇಲ್ಲ, ದುರ್ಬೀನು ಇಲ್ಲ. ಕಲ್ಲು ಉಕ್ಕಿಗೆ ತಾಗಿ ಕಿಡಿ, ಕಿಡಿಯಿಂದ ಬಟ್ಟಲಿನ ಮದ್ದು, ಅಲ್ಲಿಂದ ಒಳಗಿನ ಮದ್ದು. ಈ ನಡುವೆ ಕಣ್ಣೆದುರು ಬೆಂಕಿ ಭಗ್ ಅಂದರೂ ಗುರಿ ಅಲ್ಲಾಡಿಸದೆ ನಿಲ್ಲಬೇಕು. ಇನ್‌ಲೈನ್‌ನವರು ತಾವು ಪುರಾತನ ಬೇಟೆ ಮಾಡುತ್ತಿದ್ದೇವೆ ಅಂತ ಹೇಳಿಕೊಂಡಾಗ ಆ ರಾಜ್ಯದವರು ನಗುವುದರಲ್ಲಿ ತಪ್ಪಿಲ್ಲ.

ಪ್ರಶ್ನೆಗಳು ಬಂದವು. ಹಿರಿಯರಾದ ಅಮ್ಮ ಒಬ್ಬರು ಕೇಳಿದರು: "ಒಂದೇ ಗುಂಡು ಅಂತೀರಲ್ಲಪ್ಪ, ತಪ್ಪಿದ್ರೆ ಆ ಪ್ರಾಣಿ ನರಳಲ್ವಾ?"

ನರಳುತ್ತದೆ ಅಮ್ಮ. ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಭಾಗ ಒಂದು ಊಟದ ತಟ್ಟೆಗಿಂತ ಚಿಕ್ಕದು, ಸುಮಾರು 8 ಅಂಗುಲ. ಯಾವ ದೂರದಲ್ಲಿ ನಿಮ್ಮ ಗುಂಡುಗಳೆಲ್ಲ ಆ ಅಳತೆಯೊಳಗೆ ಬೀಳುತ್ತವೋ ಅದೇ ನಿಮ್ಮ ಎಲ್ಲೆ, ಬಾಕ್ಸ್ ಮೇಲೆ ಏನು ಬರೆದಿದ್ದರೂ ಸರಿ. ಇನ್ನು ಎರಡನೇ ಈಡು: ಗಾಯಗೊಂಡು ನಿಂತ ಜಿಂಕೆಗೆ ಅದು ನಿಜಕ್ಕೂ ಉಪಕಾರ, ಅಲ್ಲಿ ಶಾಟ್‌ಗನ್ ಮೇಲು ಅಂತ ಒಪ್ಪುತ್ತೇನೆ. ಆದರೆ ಓಡುವ ಜಿಂಕೆಯ ಹಿಂದೆ ಮೂರು ಸ್ಲಗ್ ಸುರಿಯುವುದನ್ನೂ ನೋಡಿದ್ದೇನೆ. ಒಂದೇ ಈಡು ಇದೆ ಅಂತ ಗೊತ್ತಿದ್ದವನು ಜಿಂಕೆ ಪಕ್ಕಕ್ಕೆ ತಿರುಗಿ ನಿಲ್ಲುವವರೆಗೆ ಕಾಯುತ್ತಾನೆ.

ಯುವಕರೊಬ್ಬರ ಪ್ರಶ್ನೆ: "ಸರ್, ನಾನು ಎಚ್-1ಬಿ ವೀಸಾದಲ್ಲಿದ್ದೀನಿ. ಕೋವಿ ಇಟ್ಕೋಬಹುದಾ?"

ಇದು ಮುಖ್ಯ ಪ್ರಶ್ನೆ. ವಲಸಿಗರಲ್ಲದ ವೀಸಾದಲ್ಲಿ ಇರುವವರು ಕೋವಿಯಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಕೇಂದ್ರ ಕಾನೂನು. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಇಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂದರೆ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಇಲಿನಾಯ್‌ನಲ್ಲಿ 1980ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಲೈಸೆನ್ಸಿಗೆ ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಮಝಲ್‌ಲೋಡರ್‌ಗೆ ಇದೆಲ್ಲ ಲಾಗೂ ಆಗಲ್ಲ ಅಂತ ಯಾರೋ ಹೇಳುತ್ತಾರೆ. ಅರ್ಧ ನಿಜ. 1968ರ ಗನ್ ಕಂಟ್ರೋಲ್ ಆಕ್ಟ್ ಅದನ್ನು ಪುರಾತನ ಆಯುಧದ ಪಟ್ಟಿಗೆ ಸೇರಿಸುತ್ತದೆ. ಆದರೆ ನಳಿಗೆ ಬದಲಿಸಿ ತೋಟಾ ಹಾರಿಸಬಹುದಾದ ಮಾದರಿಗಳಿಗೆ ಆ ರಿಯಾಯಿತಿ ಇಲ್ಲ. ಇಲಿನಾಯ್ ಅಂತೂ ಮಝಲ್‌ಲೋಡರ್‌ಗೂ ಫಾಯ್ಡ್ ಕಾರ್ಡ್, ಅಂದರೆ ಕೋವಿ ಇಟ್ಟುಕೊಳ್ಳುವವರಿಗೆ ರಾಜ್ಯ ಕೊಡುವ ಗುರುತಿನ ಚೀಟಿ, ಕೇಳುತ್ತದೆ. ವೀಸಾ ಪಣಕ್ಕಿಟ್ಟು ಗೆಳೆಯರ ಮಾತು ನಂಬಬೇಡಿ. ನನ್ನ ಮಾತನ್ನೂ ವಕೀಲರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಕೊನೆಗೆ ಒಬ್ಬರು, ರೈತರ ಮನೆಯ ಹಳೇ ಸಾಮಾನು ಹರಾಜಿನಲ್ಲಿ ಮಝಲ್‌ಲೋಡರ್ ಅಗ್ಗಕ್ಕೆ ಸಿಗುತ್ತದಲ್ಲ, ತಗೋಬಹುದಾ ಅಂತ ಕೇಳಿದರು.

ತಗೋಬಹುದು. ಆದರೆ ಬೆಲೆ ಮಾತಾಡುವ ಮೊದಲು ಪ್ರೈಮರ್ ಇಲ್ಲ ಅಂತ ಖಚಿತ ಮಾಡಿಕೊಂಡು, ಬಾಯಿಂದ ಪಕ್ಕಕ್ಕೆ ನಿಂತು, ಅದರ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ ನೋಡಿ. ಅದೇ ಕಡ್ಡಿಯನ್ನು ಹೊರಗೆ ನಳಿಗೆಗೆ ಒರಗಿಸಿ ಹಿಡಿದರೆ ಒಳಗೆ ಎಲ್ಲಿಗೆ ನಿಂತಿತು ಅಂತ ಗೊತ್ತಾಗುತ್ತದೆ. ನಳಿಗೆಯ ತಳಕ್ಕಿಂತ ಎರಡು ಮೂರು ಅಂಗುಲ ಮೇಲೇ ನಿಂತರೆ, ಯಾರೋ ತುಂಬಿಟ್ಟು ಮರೆತ ಈಡು ಇನ್ನೂ ಒಳಗೇ ಇದೆ. ಒಣಗಿದ್ದ ಜಾಗದಲ್ಲಿ ಇದ್ದರೆ ಕಪ್ಪು ಮದ್ದು ಎಷ್ಟೋ ದಶಕ ಹಾಗೇ ಇರುತ್ತದೆ. ಅದನ್ನು ನೀವೇ ಕೆದಕಬೇಡಿ. ಕೋವಿ ರಿಪೇರಿ ಮಾಡುವವರ ಹತ್ತಿರ ತೆಗೆಸಿ, ಆಮೇಲೆ ಒಳಗೆ ದೀಪ ಬಿಟ್ಟು ತುಕ್ಕಿನ ಗುಳಿ ಬಿದ್ದಿದೆಯಾ ನೋಡಿ ಬೆಲೆ ಕಟ್ಟಿ.